ಹತ್ತು ಆಟ, ಎರಡು ದಿನ

ಅಮ್ಮ ಕೂತು ಉಂಡದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಕಡಿಮೆ. ಅಡುಗೆಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಒತ್ತಿ ಕೊಕ್ಕರೆಯ ಹಾಗೆ ನಿಂತು, ಗಂಜಿಗೆ ಉಪ್ಪಿನಕಾಯಿ ಕಲಸಿ ಐದೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದಳು. ತಟ್ಟೆ ತೊಳೆಯುವಾಗಲೂ ಹಿಮ್ಮಡಿ ಎತ್ತಿ ಇಳಿಸುವುದು ನಡೆದೇ ಇರುತ್ತಿತ್ತು. ದುಬೈಯ ಮಿರ್ದಿಫ್‌ನ ಒಂದು ವಿಲ್ಲಾದ ಮಹಡಿಯಲ್ಲಿ ಎರಡು ಕೋಣೆ, ಒಂದು ಹಾಲ್ ನಮ್ಮ ಪಾಲಿಗೆ. ಕೆಳಗೆ ಕೇರಳದ ಒಂದು ಸಂಸಾರ. ಒಂದು ವಿಲ್ಲಾದಲ್ಲಿ ಒಂದೇ ಸಂಸಾರ ಇರಬೇಕೆಂಬ ನಿಯಮ ಇದ್ದುದರಿಂದ ಯಾವ ತಿಂಗಳು ಬೇಕಾದರೂ ಖಾಲಿ ಮಾಡಬೇಕಾದೀತು ಎಂಬ ಮಾತು ಮನೆಯೊಳಗೆ ಸದಾ ಸುಳಿದಾಡುತ್ತಿತ್ತು. ಹಾಗಾಗಿ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ನಾವು ಬಿಚ್ಚಲೇ ಇಲ್ಲ. ಅವನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಕೆಂಪು ಬಟ್ಟೆ ಹಾಸಿ, ದೇವರ ಫೋಟೋ ಇಟ್ಟು ದೀಪ ಹಚ್ಚುತ್ತಿದ್ದೆವು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಅವು ಹಾದುಹೋಗುವಷ್ಟು ಹೊತ್ತು ಅಪ್ಪ ಅಮ್ಮನ ಜಗಳ ನಿಲ್ಲುತ್ತಿತ್ತು, ಸದ್ದು ಅಡಗಿದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತಿತ್ತು.

ಜಗಳ ಯಾವಾಗಲೂ ಒಂದೇ ವಿಷಯಕ್ಕೆ: ಅಣ್ಣ. ಅವನ ಹೆಸರು ಪ್ರಜ್ವಲ್, ಮನೆಯಲ್ಲಿ ಪಚ್ಚು. ನನಗಿಂತ ನಾಲ್ಕು ವರ್ಷ ದೊಡ್ಡವನು. ಹದಿಮೂರಕ್ಕೇ ಅಪ್ಪನ ಭುಜ ದಾಟಿ ಬೆಳೆದಿದ್ದ. ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ಯಾರೂ ಕಲಿಸದೆ ಲಾಂಗ್ ಜಂಪ್‌ನಲ್ಲಿ ಮೊದಲನೆಯವನಾಗಿ ಬಂದ ಸಂಜೆ, ಅಮ್ಮ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತೋಳಿನ ಉದ್ದ, ತೊಡೆಯ ಉದ್ದ, ಅಂಗೈಯ ಅಗಲ ಎಲ್ಲವನ್ನೂ ಹೊಲಿಗೆಯ ಟೇಪಿನಲ್ಲಿ ಅಳೆದಳು. ಅಳೆದು ಮುಗಿದ ಮೇಲೆ ಅಪ್ಪನ ಕಡೆ ತಿರುಗಿದಳು.

"ಇವನು ಒಂದು ಆಟದವನಲ್ಲ, ಹತ್ತು ಆಟದವನು. ಡೆಕತ್ಲಾನ್."

ಅಪ್ಪ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಆಗಷ್ಟೇ ಬಸ್ಸಿಳಿದು ಬಂದು ಸಾಕ್ಸ್ ಕಳಚುತ್ತಿದ್ದರು.

"ಹತ್ತು ಯಾಕೆ ಮಾರಾಯ್ತಿ? ಒಂದು ಸಾಕಲ್ವಾ?"

"ಒಂದು ಎಲ್ಲರಿಗೂ ಬರ್ತದೆ," ಎಂದಳು ಅಮ್ಮ.

ಅಮ್ಮ ಕಾಲೇಜಿನಲ್ಲಿದ್ದಾಗ ಉಡುಪಿಯ ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿದ್ದು ಹೆಪ್ಟಾಥ್ಲಾನ್ ಆಡಿದವಳು. ಅದು ಹೆಂಗಸರ ಏಳು ಆಟ: ಎರಡು ದಿನಗಳಲ್ಲಿ ಓಟ, ಜಿಗಿತ, ಎಸೆತ ಎಲ್ಲ ಸೇರಿ ಏಳು. ಗಂಡಸರಿಗೆ ಅದೇ ಎರಡು ದಿನಗಳಲ್ಲಿ ಹತ್ತು. ನಮಗೆ ಅವಳು ವಿವರಿಸುತ್ತಿದ್ದುದು ತೆಂಗಿನಕಾಯಿ ತುರಿಯುತ್ತಾ: ಮೊದಲ ದಿನ ನೂರು ಮೀಟರ್ ಓಡಬೇಕು, ಲಾಂಗ್ ಜಂಪ್ ಹಾರಬೇಕು, ಗುಂಡು ಎಸೆಯಬೇಕು, ಹೈ ಜಂಪ್ ಹಾರಬೇಕು, ಕೊನೆಗೆ ಕಾಲು ಬಿದ್ದುಹೋಗುವ ಹಾಗೆ ನಾನೂರು ಮೀಟರ್. ಮಲಗಿ ಎದ್ದರೆ ಮೈಯೆಲ್ಲ ಕಟ್ಟಿಗೆ. ಆ ಕಟ್ಟಿಗೆಯನ್ನೇ ಎಬ್ಬಿಸಿ ಹರ್ಡಲ್ಸ್ ದಾಟಿಸಬೇಕು, ಚಕ್ರ ಎಸೆಯುವ ಡಿಸ್ಕಸ್, ಕೋಲೂರಿ ಹಾರುವ ಪೋಲ್ ವಾಲ್ಟ್, ಈಟಿ ಎಸೆಯುವ ಜಾವೆಲಿನ್ ಆದ ಮೇಲೆ ಸಾವಿರದೈನೂರು ಮೀಟರ್.

"ಓಟ ಹೇಗಿದ್ದರೂ ಓಟವೇ. ನನಗೆ ಬಾರದ್ದು ಡಿಸ್ಕಸ್, ಪೋಲ್ ವಾಲ್ಟ್ ಎರಡೇ. ಅದನ್ನು ಕಲಿತುಕೊಂಡರಾಯ್ತು."

"ನೀನು ಯಾಕೆ ಬಿಟ್ಟೆ?" ಎಂದು ನಾನು ಕೇಳಿದರೆ, "ಮದುವೆ ಆಯ್ತು, ಬಿಟ್ಟೆ" ಎಂದು ತುರಿಮಣೆಯನ್ನು ಪಕ್ಕಕ್ಕೆ ಸರಿಸಿ ಎದ್ದುಬಿಡುತ್ತಿದ್ದಳು.

ಮರುವಾರದಿಂದ ನಮ್ಮ ಮನೆಯ ಗಡಿಯಾರ ಬದಲಾಯಿತು. ನಾಲ್ಕೂವರೆಗೆ ಅಣ್ಣನ ಹೊದಿಕೆ ಎಳೆಯುವುದು. ಐದೂಕಾಲಿಗೆ ಅಪ್ಪನ ಕಂಪೆನಿ ಬಸ್ಸು. ಅದು ಮೂಲೆ ತಿರುಗುವ ಮೊದಲೇ ನಾವು ಮೂವರು ವಿಲ್ಲಾದ ಹಿಂದಿನ ಖಾಲಿ ಮರಳಿನ ಜಾಗದಲ್ಲಿ. ಅಪ್ಪನ ಗೆಳೆಯ ಹಮೀದ್ ಕಾಕ ಅಲ್ ಕೂಜ್‌ನಲ್ಲಿ ಮರಗೆಲಸದ ವರ್ಕ್‌ಶಾಪ್ ಇಟ್ಟಿದ್ದರು. ಕಾಸರಗೋಡಿನವರು. ಅಮ್ಮ ಕಾಗದದ ಮೇಲೆ ಗೀಚಿಕೊಟ್ಟ ಚಿತ್ರ ನೋಡಿ ಐದು ಹರ್ಡಲ್ ಮಾಡಿ ಪಿಕಪ್ಪಿನಲ್ಲಿ ತಂದು ಇಳಿಸಿದರು. ಪರದೆ ತೂಗುಹಾಕುವ ಒಂದು ಉದ್ದದ ಅಲ್ಯೂಮಿನಿಯಂ ಕೋಲೂ ಬಂತು. ಅದರಲ್ಲಿ ಹಾರಲಾಗದು, ಹಿಡಿದು ಓಡಿ ಮರಳಿಗೆ ಊರುವುದನ್ನಷ್ಟೇ ಅಭ್ಯಾಸ ಮಾಡಬಹುದು. ನಿಜವಾಗಿ ಹಾರುವುದಕ್ಕೆ ತಿಂಗಳಿಗೊಂದು ಶನಿವಾರ ಅಬುಧಾಬಿಯ ಒಂದು ಕ್ಲಬ್ಬಿಗೆ ಹೋಗಬೇಕಿತ್ತು. ಅಲ್ಲಿ ಈಜಿಪ್ಟಿನ ಒಬ್ಬ ಕೋಚ್ ಅಣ್ಣನ ಬೆನ್ನು ತಟ್ಟಿ "ಯಲ್ಲಾ, ಯಲ್ಲಾ" ಎಂದು ಓಡಿಸುತ್ತಿದ್ದ. ಅಣ್ಣ ಬಾಯಿ ಬಿಡದೆ ಹೇಳಿದ್ದನ್ನೆಲ್ಲ ಮಾಡುತ್ತಿದ್ದ. ಅವನಿಗೆ ಇಷ್ಟವೋ ಇಲ್ಲವೋ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಕೆಲಸ ಟೇಪ್ ಹಿಡಿಯುವುದು. ಗುಂಡು ಬಿದ್ದ ಗುಣಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಸಂಖ್ಯೆಯನ್ನು ಕೂಗಿ ಹೇಳುವುದು. ಹಾಗೆ ಕೂತು ಕೂತು ನಾನು ಎಲ್ಲವನ್ನೂ ಕಣ್ಣಿನಲ್ಲೇ ಕಲಿತೆ. ಅಣ್ಣನ ಎಡಭುಜ ಯಾವಾಗ ಬೇಗ ತೆರೆದುಕೊಳ್ಳುತ್ತದೆ, ಕೊನೆಯ ಎರಡು ಹೆಜ್ಜೆಯಲ್ಲಿ ಅವನು ಹೇಗೆ ನಿಧಾನ ಮಾಡುತ್ತಾನೆ ಎಂಬುದು ಅಮ್ಮ ಬೈಯುವ ಮೊದಲೇ ನನಗೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ ಮನೆಯ ಹಾಸಿಗೆಗಳೆಲ್ಲ ಹಾಲಿಗೆ ಬರುತ್ತಿದ್ದವು. ಕಿಟಕಿಯ ಸರಳಿಗೂ ಬಾಗಿಲ ಹಿಡಿಗೂ ಹಗ್ಗ ಬಿಗಿದು ಹೈ ಜಂಪ್. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೀಲಿಂಗಿಗೆ ಕುಟ್ಟುತ್ತಿದ್ದರು. ಒಂದು ಮಧ್ಯಾಹ್ನ ಅಣ್ಣ ಮೂರು ಸಲ ಹಗ್ಗ ತಾಗಿಸಿಕೊಂಡು ಬಿದ್ದು ಬಾತ್‌ರೂಮಿಗೆ ಹೋದಾಗ, ನಾನು ಬಾಗಿಲಿನಿಂದ ಓಡಿಬಂದು ಅದೇ ಹಗ್ಗವನ್ನು ಹಾರಿದೆ. ತಾಗಲಿಲ್ಲ. ಹಾಸಿಗೆಯ ಮೇಲೆ ಬಿದ್ದಲ್ಲಿಂದಲೇ ಅಮ್ಮನ ಮುಖ ನೋಡಿದೆ. ಅವಳು ಕಿಟಕಿಯ ಗಂಟನ್ನು ಬಿಗಿ ಮಾಡುತ್ತಿದ್ದಳು.

"ನಮೀ, ಹಗ್ಗ ಅಲುಗಾಡಿಸಬೇಡ. ಅವನಿಗೆ ಎತ್ತರ ತಪ್ತದೆ."

"ಅಮ್ಮ, ನಾನು ಹಾರಿದೆ. ನನಗೂ ಕಲಿಸು."

"ನಿನಗೆ ಇನ್ನೂ ಸಮಯ ಉಂಟು. ಈಗ ಟೇಪ್ ಎಲ್ಲಿಟ್ಟಿದ್ದಿ ನೋಡು."

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಅಂದಿನಿಂದ ನಾನೂ ಕೂತಲ್ಲಿ ಕೂರದವಳಾದೆ. ಕ್ಲಾಸಿನಲ್ಲಿ ಬೆಂಚಿನ ಕೆಳಗೆ ಕಾಲು ಕುಣಿಸುತ್ತಿದ್ದೆ, ಟೀಚರು ಡೈರಿಯಲ್ಲಿ ಬರೆದು ಕಳಿಸುತ್ತಿದ್ದರು. ಶಾಲೆಯಿಂದ ಬಂದವಳು ಚೀಲ ಎಸೆದು ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು, ಬೆವರಿಳಿದ ಮೇಲೆಯೇ ಹಾಲು ಕುಡಿಯುತ್ತಿದ್ದೆ. ಅದನ್ನೂ ಯಾರೂ ನೋಡಲಿಲ್ಲ.

ಹೀಗೆ ಎರಡು ವರ್ಷ ಕಳೆದು, ಚಳಿ ಶುರುವಾದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ, ಅಣ್ಣನ ಕೈಯಿಂದ ಜಾರಿದ ಡಿಸ್ಕಸ್ ಪಕ್ಕದ ವಿಲ್ಲಾದ ಗೋಡೆ ದಾಟಿ ಹೋಯಿತು. ಮೊದಲು ಸದ್ದೇ ಇಲ್ಲ. ಆಮೇಲೆ ತಗಡು ಹರಿದ ಹಾಗೆ ಒಂದು ಸದ್ದು. ಅವರ ಟಿವಿಯ ಡಿಶ್ ಬಾಗಿ ಮುರಿದುಬಿದ್ದಿತ್ತು. ಅಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ. ಅಪ್ಪ ಹೊಸ ಡಿಶ್ ತಂದು ಕೂರಿಸಿ, ಕ್ಷಮೆ ಕೇಳಿ ಬಂದರು. ಆದರೆ ಸುದ್ದಿ ವಿಲ್ಲಾ ನೋಡಿಕೊಳ್ಳುವ ಮನುಷ್ಯನಿಗೆ ತಲುಪಿತು. ಅವನು ಬಂದು ಬಾಗಿಲಲ್ಲೇ ನಿಂತು, ಬೇಸಿಗೆಯೊಳಗೆ ಮಹಡಿ ಖಾಲಿಯಾಗಬೇಕು ಎಂದ.

"ನೋಡಿದ್ಯಾ ವನಜಾ? ನಿನ್ನ ಹತ್ತು ಆಟ," ಎಂದರು ಅಪ್ಪ.

"ಅವನು ಹೇಗೂ ಖಾಲಿ ಮಾಡಿಸುವವನೇ. ಡಿಸ್ಕಸ್ ಒಂದು ನೆಪ."

"ಇವನು ಹತ್ತನೇ ಕ್ಲಾಸು. ಓದುವುದು ಯಾವಾಗ?"

"ಓದು ಮುಂದಿನ ವರ್ಷವೂ ಓದಬಹುದು. ಈ ಕಾಲು ಮುಂದಿನ ವರ್ಷ ಸಿಗ್ತದಾ?"

ವಿಮಾನ ಬಂತು. ಇಬ್ಬರೂ ಬಾಯಿ ಮುಚ್ಚಿ ಕಾದರು. ಅಣ್ಣ ತನ್ನ ಕೋಣೆಯ ಬಾಗಿಲು ಹಾಕಿಕೊಂಡ.

ಅದಾಗಿ ಎರಡು ತಿಂಗಳಿಗೆ ಅಬುಧಾಬಿಯ ಆ ಕ್ಲಬ್ಬಿನ ಓಪನ್ ಮೀಟ್. ಶುಕ್ರವಾರ, ಶನಿವಾರ. ಹದಿನೆಂಟರೊಳಗಿನ ಹುಡುಗರ ಡೆಕತ್ಲಾನ್‌ನಲ್ಲಿ ಒಂಬತ್ತು ಮಂದಿ. ಹಮೀದ್ ಕಾಕನ ಪಿಕಪ್ ಎರವಲು ಪಡೆದು ಅಪ್ಪನೇ ಓಡಿಸಿದರು. ಅಮ್ಮ ಬುತ್ತಿಯಲ್ಲಿ ನೀರುದೋಸೆ, ಬೇಯಿಸಿದ ಮೊಟ್ಟೆ, ಖರ್ಜೂರ, ಎರಡು ಬಾಟಲಿ ಲಬನ್ ಮಜ್ಜಿಗೆ ತುಂಬಿದ್ದಳು. ಮೊದಲ ದಿನ ಎಲ್ಲವೂ ಅವಳು ಬರೆದಿಟ್ಟ ಹಾಗೆಯೇ ಆಯಿತು. ಲಾಂಗ್ ಜಂಪ್‌ನಲ್ಲಿ ಅಣ್ಣ ಎಲ್ಲರಿಗಿಂತ ಮುಂದೆ ಬಿದ್ದ. ನಾನೂರು ಮೀಟರ್ ಮುಗಿಸಿ ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡ. ಆದರೂ ಸಂಜೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನ. ಅಮ್ಮ ಆ ಪಟ್ಟಿಯ ಎದುರು ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಅಪ್ಪ ಹೋಗಿ ಕೈ ಹಿಡಿದು ಕರೆತಂದರು.

ಎರಡನೆಯ ದಿನ ಹರ್ಡಲ್ಸ್, ಡಿಸ್ಕಸ್ ಹೇಗೋ ದಾಟಿತು. ಪೋಲ್ ವಾಲ್ಟ್‌ಗೆ ಬಂದಾಗ ಬಿಸಿಲೇರಿತ್ತು, ಗಾಳಿ ಎದುರಿನಿಂದ. ಅಣ್ಣ ಮೊದಲ ಸಲ ಓಡಿಬಂದು ಕೋಲು ಊರದೆ ಹಾಗೆಯೇ ಕೆಳಗಿನಿಂದ ಓಡಿಹೋದ. ಎರಡನೆಯ ಸಲ ಎದೆಯಿಂದ ಅಡ್ಡಕೋಲನ್ನು ಬೀಳಿಸಿದ. ಮೂರನೆಯ ಸಲ ಅರ್ಧ ಮೇಲೆ ಹೋಗಿ, ಬಂದ ಕಡೆಗೇ ಇಳಿದ. ಬಿಳಿ ಟೋಪಿಯ ಅಧಿಕಾರಿ ಕೆಂಪು ಬಾವುಟ ಎತ್ತಿದ. ಮೂರು ಸಲ ತಪ್ಪಿದರೆ ಆ ಆಟಕ್ಕೆ ಸೊನ್ನೆ. ಉಳಿದೆರಡು ಆಟ ಆಡಬಹುದು, ಗೆಲ್ಲುವ ಮಾತಿಲ್ಲ. ಅಣ್ಣ ನೇರ ನಮ್ಮ ಹತ್ತಿರ ಬಂದು ಶೂ ಬಿಚ್ಚತೊಡಗಿದ.

"ಶೂ ಯಾಕೆ ಬಿಚ್ತಿ? ಜಾವೆಲಿನ್ ಉಂಟು, ಏಳು," ಎಂದಳು ಅಮ್ಮ.

"ಐ ಆಮ್ ಡನ್, ಅಮ್ಮ. ಖಲಾಸ್."

"ಪಚ್ಚು, ಸೊನ್ನೆ ಬಂದರೆ ಬಿಡುವುದಲ್ಲ. ಏಳು."

"ನಾನು ಬರುದಿಲ್ಲ."

"ಅರ್ಧಕ್ಕೆ ಬಿಟ್ಟು ಬರುವವನನ್ನು ನಾನು ಹೆತ್ತದ್ದಲ್ಲ!"

ಪಕ್ಕದವರೆಲ್ಲ ತಿರುಗಿ ನೋಡಿದರು. ಭಾಷೆ ಗೊತ್ತಿಲ್ಲದಿದ್ದರೂ ದನಿ ಎಲ್ಲರಿಗೂ ಗೊತ್ತಾಗುತ್ತದೆ. ಅಣ್ಣ ಎದ್ದು ನಿಂತ. ಅವನು ಅಮ್ಮನಿಗಿಂತ ಎಷ್ಟು ಎತ್ತರ ಎಂದು ನನಗೆ ತಟ್ಟಿದ್ದೇ ಆಗ.

"ಇದು ನಂದಲ್ಲ, ನಿಂದು. ಒಂದು ದಿನ ಆದ್ರೂ ನನಗೆ ಬೇಕಾ ಅಂತ ಕೇಳಿದ್ಯಾ? ಅಷ್ಟು ಬೇಕಾದ್ರೆ ನೀನೇ ಮಾಡು. ಹತ್ತೂ ನೀನೇ ಮಾಡು."

ಬರಿಗಾಲಿನಲ್ಲಿ ಪಿಕಪ್ಪಿನ ಕಡೆ ನಡೆದುಬಿಟ್ಟ. ದುಬೈ ತಲುಪುವವರೆಗೂ ಬುತ್ತಿ ಬಿಚ್ಚಲಿಲ್ಲ.

ಆಮೇಲಿನ ವಾರಗಳು ಆ ಮನೆಯಲ್ಲಿ ನಾನು ಕಂಡ ಅತಿ ವಿಚಿತ್ರ ವಾರಗಳು. ಅಮ್ಮ ಕೂತಳು. ಸೋಫಾದ ಒಂದು ಮೂಲೆಯಲ್ಲಿ ಕೂತು ಉಂಡಳು, ಕೂತು ಬಟ್ಟೆ ಮಡಚಿದಳು, ಕೂತೇ ಕಿಟಕಿಯಾಚೆ ನೋಡಿದಳು. ಬೆಳಿಗ್ಗೆ ಯಾರೂ ಯಾರ ಹೊದಿಕೆಯನ್ನೂ ಎಳೆಯಲಿಲ್ಲ. ಹರ್ಡಲ್‌ಗಳ ಮೇಲೆ ಒಗೆದ ಬಟ್ಟೆ ಒಣಗಿತು. ಅವಳು ಓಡಾಡುತ್ತಿದ್ದಾಗ ಸಾಕಪ್ಪಾ ಎನಿಸುತ್ತಿದ್ದ ನನಗೆ, ಅವಳು ಕೂತದ್ದನ್ನು ನೋಡಲಾಗಲಿಲ್ಲ. ಅಣ್ಣನಿಗೂ ಹಾಗೆಯೇ ಆಗಿರಬೇಕು. ಕೋಣೆಯಿಂದ ಹೊರಗೆ ಬರುವುದು, ಅವಳನ್ನು ನೋಡುವುದು, ಫ್ರಿಜ್ ತೆರೆದು ಏನನ್ನೂ ತೆಗೆಯದೆ ಮುಚ್ಚುವುದು, ಒಳಗೆ ಹೋಗುವುದು. ಒಂದು ಸಂಜೆ ಅಪ್ಪ ಕೆಲಸದಿಂದ ಬಂದವರು ಯೂನಿಫಾರ್ಮ್ ಕೂಡ ಬದಲಿಸದೆ ಅಮ್ಮನ ಎದುರಿಗೆ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತರು. ಕಿಸೆಯಿಂದ ಮಡಚಿದ ಒಂದು ಕಾಗದ ತೆಗೆದರು.

"ಅಬುಧಾಬಿಯ ಆ ಕೋಚ್‌ಗೆ ಫೋನ್ ಮಾಡಿದ್ದೆ. ಮುಂದಿನ ಮೀಟ್‌ನಲ್ಲಿ ಮೂವತ್ತೈದು ದಾಟಿದವರದ್ದೂ ಉಂಟಂತೆ. ಹೆಂಗಸರೂ ಸೇರಬಹುದಂತೆ. ಹತ್ತೂ ಆಟ."

"ತಮಾಷೆ ಮಾಡ್ತೀರಾ?" ಅಮ್ಮನ ದನಿ ಒರಟಾಯಿತು. "ನಲವತ್ತೊಂದಾಯ್ತು ನನಗೆ."

"ನನಗೆ ಬರುವುದಿಲ್ಲ ತಮಾಷೆ, ನಿನಗೆ ಗೊತ್ತುಂಟು." ಅಪ್ಪ ಕಾಗದವನ್ನು ಮೊಣಕಾಲಿನ ಮೇಲೆ ನೇರ ಮಾಡಿದರು. "ನಾನು ನಿನ್ನನ್ನು ನೋಡಲಿಕ್ಕೆ ಬಂದ ದಿನ ನಿನ್ನ ಕಾಲಿನ ಮೇಲೆ ಸುಣ್ಣದ ಧೂಳಿತ್ತು. ಸೀರೆ ಹೊಸತು, ಕಾಲು ಮಾತ್ರ ಹಾಗೆ. ನಾನು ಅವಲಕ್ಕಿ ತಿಂತಾ ಅದನ್ನೇ ನೋಡ್ತಿದ್ದೆ. ನೀನು ಎಲ್ಲಿಂದ ಎದ್ದು ಬಂದಿದ್ದಿ ಅಂತ ಯಾರೂ ಹೇಳಲಿಲ್ಲ. ಮದುವೆಯಾಗಿ ಆರು ವರ್ಷದ ಮೇಲೆ ನಿನ್ನ ತಮ್ಮ ಹೇಳಿದ."

ಅಣ್ಣ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಅಮ್ಮ ಆಟ ಬಿಟ್ಟದ್ದು ಹೇಗೆಂದು ನಮ್ಮಿಬ್ಬರಿಗೂ ಗೊತ್ತಾದದ್ದು ಆಗ. ಯೂನಿವರ್ಸಿಟಿ ಮೀಟ್‌ನ ಮೊದಲ ದಿನ ಮುಗಿದಾಗ ಅಮ್ಮ ಎಲ್ಲರಿಗಿಂತ ಮುಂದಿದ್ದಳು. ಅಂದೇ ಸಂಜೆ ಅಜ್ಜ ಮೈದಾನಕ್ಕೇ ಬಂದು, ಗೆರೆ ಎಳೆದ ಸುಣ್ಣ ಕಾಲಿನಲ್ಲಿರುವಂತೆಯೇ ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ದುಬೈಯ ಹುಡುಗ ನೋಡಲು ಬರುವವನಿದ್ದ, ಅವನ ರಜೆ ಇನ್ನು ನಾಲ್ಕೇ ದಿನ ಬಾಕಿ. ಎರಡನೆಯ ದಿನದ ಲಾಂಗ್ ಜಂಪ್‌ಗೆ ಅವಳ ಹೆಸರು ಕೂಗಿದಾಗ ಅವಳು ಮನೆಯಲ್ಲಿ ಸೀರೆಯ ನೆರಿಗೆ ಹಿಡಿದು ನಿಂತಿದ್ದಳು.

"ಅರ್ಧಕ್ಕೆ ಬಿಡಿಸಿದ್ದು ನಾನು," ಎಂದರು ಅಪ್ಪ. "ಗೊತ್ತಿಲ್ಲದೆ ಬಿಡಿಸಿದ್ದು. ಆದರೂ ನಾನೇ."

ಅಮ್ಮ ಅಳಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು. ಒಳಗಿನಿಂದಲೇ ಕೇಳಿದಳು.

"ಪೋಲ್ ವಾಲ್ಟ್ ಯಾರು ಹೇಳಿಕೊಡುವುದು ನನಗೆ?"

ಅಣ್ಣ ಬಾಗಿಲಲ್ಲೇ ನಿಂತು, "ಸ್ಯಾಟರ್‌ಡೇ ಹೋಗುವ" ಎಂದ.

ಬೇಸಿಗೆಗೆ ಮೊದಲೇ ನಾವು ಮಿರ್ದಿಫ್ ಬಿಟ್ಟೆವು. ಹಮೀದ್ ಕಾಕ ಅಲ್ ಕೂಜ್‌ನಲ್ಲಿ ವರ್ಕ್‌ಶಾಪಿನ ಹತ್ತಿರವೇ ಒಂದು ಬೆಡ್‌ರೂಮಿನ ಫ್ಲಾಟ್ ಹುಡುಕಿಕೊಟ್ಟರು. ಅಲ್ಲಿ ಮರಳಿನ ಬದಲು ಗೋದಾಮುಗಳ ನಡುವೆ ಟಾರು ಹಾಕದ ಒಂದು ಪಟ್ಟಿ ಜಾಗ ಇತ್ತು. ಲೇಬರ್ ಕ್ಯಾಂಪಿನ ಬಸ್ಸುಗಳು ಹೊರಟುಹೋದ ಮೇಲೆ ಅದು ನಮ್ಮದು. ನಲವತ್ತೊಂದರ ಮೈ ಇಪ್ಪತ್ತೊಂದರ ಮಾತು ಕೇಳಲಿಲ್ಲ. ಹರ್ಡಲ್ ತಾಗಿ ಮೊಣಕಾಲಿನ ಚರ್ಮ ಕಿತ್ತುಬಂತು, ಗುಂಡು ಎಸೆದು ಒಂದು ವಾರ ಕತ್ತು ತಿರುಗಲಿಲ್ಲ. ಮನೆಯೆಲ್ಲ ನೋವಿನೆಣ್ಣೆಯ ವಾಸನೆ. ಅಪ್ಪ ಸಂಜೆ ಬಂದು ಅನ್ನಕ್ಕೆ ಇಡುವುದನ್ನು ಕಲಿತರು, ಬಂಗುಡೆ ಸಾರು ಮಾತ್ರ ಕೊನೆಯವರೆಗೂ ಬರಲಿಲ್ಲ. ಅಬುಧಾಬಿಯ ಕ್ಲಬ್ಬಿನಲ್ಲಿ ಅಣ್ಣ ಅಮ್ಮನಿಗೆ ಕೋಲು ಹಿಡಿಸುತ್ತಿದ್ದ.

"ಎಡಗೈ ಮಡಚಬೇಡ. ಕೊನೆಯ ಎರಡು ಹೆಜ್ಜೆಯಲ್ಲಿ ನಿಧಾನ ಮಾಡ್ತಿ ನೀನು."

"ನಾನಾ?"

"ನೀನೇ. ಇನ್ನೊಮ್ಮೆ."

ಅವಳು ಮರುಮಾತಿಲ್ಲದೆ ಹಿಂದಕ್ಕೆ ನಡೆಯುತ್ತಿದ್ದಳು. ನಾನು ಅಲ್ಲಿಯೂ ಟೇಪ್ ಹಿಡಿದೇ ಇದ್ದೆ.

ಮೀಟ್‌ನಲ್ಲಿ ಆ ವಿಭಾಗಕ್ಕೆ ಬಂದವರು ಏಳು ಮಂದಿ, ಅಮ್ಮನನ್ನು ಬಿಟ್ಟರೆ ಹೆಂಗಸು ಇನ್ನೊಬ್ಬಳೇ. ಮೊದಲ ದಿನ ಅಮ್ಮ ಐದನ್ನೂ ಮುಗಿಸಿದಳು. ಎರಡನೆಯ ದಿನ ಬೆಳಿಗ್ಗೆ ಪಿಕಪ್ಪಿನಿಂದ ಇಳಿದವಳು ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಡುವವಳಾಗಿ ಎರಡನೆಯ ದಿನ ಅವಳು ಮೈದಾನಕ್ಕೆ ಇಳಿಯುತ್ತಿದ್ದುದು ಅದೇ ಮೊದಲು. ಹರ್ಡಲ್ಸ್ ಓಡಿದಳು. ಡಿಸ್ಕಸ್ ನೆಟ್ಟಗೆ ಹೋಯಿತು. ಪೋಲ್ ವಾಲ್ಟ್‌ನಲ್ಲಿ ಮೊದಲ ಎತ್ತರ ನನ್ನ ತಲೆಗಿಂತ ತುಸು ಮೇಲೆ, ಅಷ್ಟೇ. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅಣ್ಣ ಹಗ್ಗದಾಚೆಯಿಂದ "ಎಡಗೈ, ಅಮ್ಮ, ಎಡಗೈ" ಎಂದು ಕೂಗುತ್ತಿದ್ದ, ಅವನ ದನಿ ಒಡೆದುಹೋಗಿತ್ತು. ಮೂರನೆಯ ಸಲ ಅವಳು ಮೇಲೆ ಹೋದಳು, ಹೋಗಿ ಅಡ್ಡಕೋಲಿನ ಮೇಲೆಯೇ ಕೂತ ಹಾಗೆ ಆಗಿ, ಅದರ ಜೊತೆಗೇ ಕೆಳಗೆ ಬಿದ್ದಳು. ಕೆಂಪು ಬಾವುಟ.

ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಏಳಲಿಲ್ಲ. ಮುಂದಿನವರು ಹಾರಬೇಕಿತ್ತು. ಅಧಿಕಾರಿ ಬಂದು ಏನೋ ಹೇಳಿದ, ಅವಳಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಅಣ್ಣ ಹಗ್ಗದ ಕೆಳಗಿನಿಂದ ನುಸುಳಿ ಹೋಗಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಆಮೇಲೆ ಅವಳೇ ಹೇಳಿದ್ದು ಇಷ್ಟು: "ನಾನು ಅವನಿಗೆ ಹೇಳಿದೆ, ಕಾಲಲ್ಲಿ ಶಕ್ತಿಯೇ ಇಲ್ಲ ಪಚ್ಚು, ಎದ್ದು ಹೋಗುವ ಅಂತ ಅನಿಸ್ತಾ ಉಂಟು. ಅವನು, ಗೊತ್ತು, ನನಗೆ ಗೊತ್ತು ಅಂದ. ಆ ದಿನ ಬೈದದ್ದು ತಪ್ಪಾಯ್ತು ಮಗ ಅಂದೆ." ಅಷ್ಟಾದ ಮೇಲೆ ಇಬ್ಬರೂ ಎದ್ದರು. ಅವಳು ಜಾವೆಲಿನ್ ಎಸೆದಳು. ಆ ದಿನದ ಅವಳ ಒಳ್ಳೆಯ ಎಸೆತ ಅದೇ, ನಾಲ್ಕು ಜನ ಗಂಡಸರಿಗಿಂತ ಮುಂದೆ ಹೋಗಿ ನಾಟಿತು. ಸಾವಿರದೈನೂರರಲ್ಲಿ ಎಲ್ಲರೂ ಮುಗಿಸಿ ನೀರು ಕುಡಿಯುತ್ತಿದ್ದಾಗ ಅವಳಿಗೆ ಇನ್ನೂ ಮುಕ್ಕಾಲು ಸುತ್ತು ಬಾಕಿ. ಅಪ್ಪ ಗೆರೆಯ ಬಳಿ ಟವೆಲ್ ಹಿಡಿದು ನಿಂತಿದ್ದರು. ಮುಗಿಸಿದಳು. ಪಟ್ಟಿಯ ತೀರಾ ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ಹತ್ತು ಅಂಕಣ, ಒಂದರಲ್ಲಿ ಸೊನ್ನೆ.

ಅಣ್ಣ ಮತ್ತೆ ಹತ್ತು ಆಟಕ್ಕೆ ಇಳಿಯಲಿಲ್ಲ. ಲಾಂಗ್ ಜಂಪ್ ಒಂದನ್ನೇ, ತನಗೆ ಮನಸ್ಸಾದಷ್ಟು ದಿನ ಹಾರಿದ. ಈಗ ಜೆಬೆಲ್ ಅಲಿಯ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಅಷ್ಟು ಎತ್ತರದಲ್ಲಿ ಒಬ್ಬನೇ ಕೂರುವುದು ಅವನಿಗೆ ಹಿಡಿಸಿದೆ. ನಾನು ಆರು ವರ್ಷದಲ್ಲಿ ನಾಲ್ಕು ಕೆಲಸ ಬದಲಿಸಿದವಳು, ಮೀಟಿಂಗ್‌ಗಳಲ್ಲಿ ಎಲ್ಲರೂ ಕೂತಿರುವಾಗ ಗೋಡೆಗೊರಗಿ ನಿಲ್ಲುವವಳು.

ಮೀಟ್ ಮುಗಿದ ಮುಂದಿನ ಶುಕ್ರವಾರ ಬೆಳಿಗ್ಗೆ, ಮನೆಯವರೆಲ್ಲ ಮಲಗಿದ್ದಾಗ ನಾನೊಬ್ಬಳೇ ಅಮ್ಮನ ಅಭ್ಯಾಸದ ಜಾವೆಲಿನ್ ಹೊತ್ತುಕೊಂಡು ಗೋದಾಮುಗಳ ನಡುವಿನ ಆ ಜಾಗಕ್ಕೆ ಹೋಗಿದ್ದೆ. ಹನ್ನೆರಡು ತುಂಬಿತ್ತು ನನಗೆ. ಎರಡು ಸಲ ಎಸೆದೆ, ಎರಡು ಸಲವೂ ಅಡ್ಡ ಬಿತ್ತು. ಮೂರನೆಯ ಸಲಕ್ಕೆ ಓಡಲು ಹೊರಟಾಗ ಹಿಂದೆ ಚಪ್ಪಲಿಯ ಸದ್ದು. ಅಮ್ಮ ಕುಂಟುತ್ತಾ ಬಂದಿದ್ದಳು, ಮೊಣಕಾಲಿಗೆ ಬ್ಯಾಂಡೇಜ್, ನೈಟಿಯ ಮೇಲೆ ಅಪ್ಪನ ಸ್ವೆಟರ್. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನಗೆ ಸಿಟ್ಟು ಬಂತು.

"ನಾನು ಕೇಳಿದ್ದೆ ನಿನ್ನ ಹತ್ರ. ಕಲಿಸು ಅಂತ. ನೀನು ಟೇಪ್ ಹುಡುಕು ಅಂದಿ."

"ಯಾವಾಗ?"

"ಮಿರ್ದಿಫ್‌ನಲ್ಲಿ. ಹಗ್ಗ ಹಾರಿದ ದಿನ."

ಅವಳು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ನೆನಪಾಯಿತು ಎಂದು ಸುಳ್ಳು ಹೇಳಲೂ ಇಲ್ಲ. ನನ್ನ ಹತ್ತಿರ ಬಂದು, ಜಾವೆಲಿನ್ ಹಿಡಿದಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾಗಿ ಕೂರಿಸಿದಳು. ಮತ್ತೆ ಹತ್ತು ಹೆಜ್ಜೆ ದೂರ ಹೋಗಿ, ನಾನು ಯಾವಾಗಲೂ ಕೂರುತ್ತಿದ್ದ ಹಾಗೆ ಮಣ್ಣಿನ ಮೇಲೆ ಕುಕ್ಕರುಗಾಲಿನಲ್ಲಿ ಕೂರಲು ನೋಡಿದಳು. ಮೊಣಕಾಲು ಬಿಡಲಿಲ್ಲ. ಕಾಲು ನೀಡಿ ನೆಲದ ಮೇಲೆ ಕೂತೇಬಿಟ್ಟಳು.

"ಓಡು," ಎಂದಳು. "ನೋಡ್ತಾ ಇದ್ದೇನೆ."